ಭಜನಾ ಮಂಡಳಿಗೆ ಹೊಸಬರು ಮುಂದಾಳಾದಾಗ

ಪ್ರಶ್ನೆ: ನನಗೆ 61 ವರ್ಷ. ನಮ್ಮೂರಿನ ಭಜನಾ ಮಂಡಳಿಯಲ್ಲಿ 18 ವರ್ಷ ಹಾಡಿ ಹೇಳಿಕೊಟ್ಟವಳು. ಈಗ ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದೇನೆ. ನಮ್ಮ ಅಪಾರ್ಟ್‌ಮೆಂಟಿನ ಗಣಪತಿ ಗುಡಿಯಲ್ಲಿ ಪ್ರತಿ ಶುಕ್ರವಾರ ಸಂಜೆ ಆರು ಗಂಟೆಗೆ ಲಲಿತಾ ಸಹಸ್ರನಾಮ, ನಾಲ್ಕೈದು ದೇವರನಾಮ, ಮಂಗಳಾರತಿ ನಡೆಯುತ್ತದೆ. ಎಲ್ಲರೂ ದೊಡ್ಡಮ್ಮ ಎಂದು ಕರೆಯುವ ಹಿರಿಯರೊಬ್ಬರು ಬಹಳ ವರ್ಷಗಳಿಂದ ಹೇಳಿಕೊಡುತ್ತಿದ್ದರು. ಅವರಿಗೆ ಕಣ್ಣು ಮಂದವಾದ ಕಾರಣ "ಇನ್ನು ನೀನೇ ಹೇಳಿಕೊಡಮ್ಮ" ಎಂದು ನನ್ನನ್ನು ಮುಂದೆ ಕೂರಿಸಿದರು. ಉಚ್ಚಾರದಲ್ಲಿ ತಪ್ಪುಗಳಿದ್ದವು, ಅಲ್ಲಲ್ಲೇ ನಿಲ್ಲಿಸಿ ತಿದ್ದಿದೆ. ಕೆಲವು ಹಾಡುಗಳ ಧಾಟಿಯನ್ನೂ ಬದಲಾಯಿಸಿದೆ. ಮೂರನೇ ವಾರದಿಂದ ಹಳಬರು ಇಬ್ಬರು ಬರುತ್ತಿಲ್ಲ. ದೊಡ್ಡಮ್ಮ ಬರುತ್ತಾರೆ, ಆದರೆ ಹಿಂದೆ ಗೋಡೆಗೆ ಒರಗಿ ಕೂತು ಬಾಯೇ ಬಿಡುವುದಿಲ್ಲ. ನಾನು ಮುಂದೆ ಕೂತ ಮೊದಲ ದಿನ ದೀಪ ಆರಿತ್ತು, ಅದು ಅಪಶಕುನ ಎಂದು ಒಬ್ಬರು ಹೇಳಿದರು. ದೇವರ ಮುಂದೆ ತಪ್ಪನ್ನು ತಪ್ಪು ಎನ್ನುವುದು ಅಪಚಾರವೇ? ಶಾಂತಿ ಏನಾದರೂ ಮಾಡಿಸಬೇಕೇ? ಮುಹೂರ್ತ ನೋಡಿ ಮತ್ತೆ ಆರಂಭಿಸಬೇಕೇ?
ಓದುಗರೊಬ್ಬರು, ಬೆಂಗಳೂರು

ಉತ್ತರ: ತಾಯಿ, ಮೊದಲು ದೀಪದ ವಿಷಯ ಮುಗಿಸಿಬಿಡೋಣ. ಗುಡಿಯೊಳಗೆ ಫ್ಯಾನ್ ತಿರುಗುತ್ತಿದ್ದರೆ ದೀಪ ಆರುತ್ತದೆ. ಬತ್ತಿ ಸಣ್ಣದಾದರೆ, ಎಣ್ಣೆ ಕಡಿಮೆಯಾದರೆ ಆರುತ್ತದೆ. ಮತ್ತೆ ಹಚ್ಚಿ ನಮಸ್ಕಾರ ಮಾಡಿದರೆ ಆಯಿತು. ಅದಕ್ಕೆ ಶಾಂತಿ, ಹೋಮ ಏನೂ ಬೇಡ.

ಮುಹೂರ್ತವೂ ಬೇಡ. ವಾರವಾರ ನಡೆದುಕೊಂಡು ಬಂದ ಪಾರಾಯಣ ಇದು, ಹೊಸ ಆರಂಭವಲ್ಲ. ನಡೆಯುತ್ತಿರುವ ಪೂಜೆಯಲ್ಲಿ ಹೇಳಿಕೊಡುವವರು ಬದಲಾದರೆ ಅದಕ್ಕೆ ಬೇರೆ ಲಗ್ನ ಇಡುವ ಪದ್ಧತಿ ಇಲ್ಲ. ಶುಕ್ರವಾರದ ರಾಹುಕಾಲ ರೂಢಿಯ ಲೆಕ್ಕದಲ್ಲಿ ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡರವರೆಗೆ. ಸಂಜೆ ಆರಕ್ಕೆ ಸೇರುವ ನಿಮಗೆ ಅದರ ಚಿಂತೆಯೇ ಇಲ್ಲ.

ಆದರೆ ಇಬ್ಬರು ಬರುವುದನ್ನು ಬಿಟ್ಟಿದ್ದಾರೆ, ಒಬ್ಬ ಹಿರಿಯರ ಬಾಯಿ ಕಟ್ಟಿದೆ ಅಂತ ಬರೆದಿದ್ದೀರಲ್ಲ, ಯೋಚಿಸಬೇಕಾದ್ದು ಅದನ್ನು. ನೀವು ಶಕುನದ ಬಗ್ಗೆ ಒಂದು ಸಾಲು ಬರೆದು ಇದರ ಬಗ್ಗೆ ಮೂರು ಸಾಲು ಬರೆದಿದ್ದೀರಿ. ನಿಮ್ಮ ಮನಸ್ಸಿಗೂ ಯಾವುದು ದೊಡ್ಡದು ಅಂತ ಗೊತ್ತಾಗಿದೆ.

ಯಜ್ಞಶಾಲೆಗೆ ತಡವಾಗಿ ಬಂದವನು

ಛಾಂದೋಗ್ಯ ಉಪನಿಷತ್ತಿನ ಒಂದನೇ ಅಧ್ಯಾಯದಲ್ಲಿ, ಹತ್ತು ಮತ್ತು ಹನ್ನೊಂದನೇ ಖಂಡಗಳಲ್ಲಿ, ಉಷಸ್ತಿ ಚಾಕ್ರಾಯಣ ಎಂಬುವನ ಕಥೆ ಬರುತ್ತದೆ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ಕಥೆ ನನಗೆ ಕಾಣುವುದಿಲ್ಲ.

ಕುರುದೇಶದಲ್ಲಿ ಬೆಳೆ ಹಾಳಾಗಿ ಹೊಟ್ಟೆಗಿಲ್ಲದ ಕಾಲ. ಉಷಸ್ತಿ ತನ್ನ ಹೆಂಡತಿಯ ಜೊತೆ ಒಂದು ಹಳ್ಳಿಯಲ್ಲಿ ಬಡತನದಲ್ಲಿದ್ದ. ಆನೆಯವನೊಬ್ಬ ತಿನ್ನುತ್ತಿದ್ದ ಕಾಳನ್ನೇ ಬೇಡಿ ತಿಂದು ಜೀವ ಹಿಡಿದುಕೊಂಡ. ಮರುದಿನ ಬೆಳಿಗ್ಗೆ, ಹತ್ತಿರದಲ್ಲಿ ರಾಜನೊಬ್ಬ ಯಜ್ಞ ಮಾಡಿಸುತ್ತಿದ್ದಾನೆ ಎಂದು ಅಲ್ಲಿಗೆ ಹೋದ. ಅಲ್ಲಿ ಋತ್ವಿಜರ ನೇಮಕ ಆಗಲೇ ಆಗಿದೆ, ಸಾಮಗಾನಕ್ಕೆ ಎಲ್ಲರೂ ಕೂತಿದ್ದಾರೆ. ಇವನು ಹೋಗಿ ಗಾಯಕರ ಹತ್ತಿರ ಕೂತು, ಪ್ರಸ್ತೋತೃ, ಉದ್ಗಾತೃ, ಪ್ರತಿಹರ್ತೃ ಮೂವರಿಗೂ ಎಚ್ಚರಿಕೆ ಕೊಟ್ಟ: ನೀವು ಹಾಡುವ ಭಾಗಕ್ಕೆ ಯಾವ ದೇವತೆ ಎಂದು ತಿಳಿಯದೆ ಹಾಡಿದರೆ ನಿಮ್ಮ ತಲೆ ಬಿದ್ದೀತು ಅಂತ. ಏನಾಯಿತು? ಮೂವರೂ ಹಾಡು ನಿಲ್ಲಿಸಿ ಸುಮ್ಮನೆ ಕೂತುಬಿಟ್ಟರು.

ನಿಮ್ಮಲ್ಲಿ ಆಗಿರುವುದೂ ಅದೇ ಅಲ್ಲವೇ? ತಿದ್ದಿದ್ದು ಸರಿಯೇ ಇರಬಹುದು, ಆದರೆ ಹಾಡು ನಿಂತಿತು. ಕಥೆ ಅಲ್ಲಿಗೇ ಮುಗಿದಿದ್ದರೆ ಉಷಸ್ತಿಯನ್ನು ಯಾರೂ ನೆನೆಯುತ್ತಿರಲಿಲ್ಲ.

ಮುಂದೆ ನೋಡಿ. ರಾಜ ಅವನ ಹೆಸರು ಕೇಳಿ ತಿಳಿದು, "ಈ ಎಲ್ಲ ಆರ್ತ್ವಿಜ್ಯಕ್ಕೂ ನಿಮ್ಮನ್ನೇ ಹುಡುಕಿಸಿದ್ದೆ, ಸಿಗಲಿಲ್ಲ ಎಂದು ಇವರನ್ನು ವರಿಸಿದೆ, ಈಗ ನೀವೇ ಎಲ್ಲವನ್ನೂ ವಹಿಸಿಕೊಳ್ಳಿ" ಎಂಬರ್ಥದ ಮಾತನ್ನಾಡಿದ. ಹಿಂದಿನ ದಿನ ಎಂಜಲು ಕಾಳು ತಿಂದವನಿಗೆ ಇಡೀ ಯಜ್ಞವೇ ಕೈಗೆ ಬಂತು. ಉಷಸ್ತಿ ಒಪ್ಪಿದ. ಆದರೆ ಎರಡು ಮಾತು ಹೇಳಿದ. ಒಂದು, ನನ್ನ ಅನುಮತಿಯಿಂದ ಇವರೇ ಹಾಡಲಿ. ಎರಡು, ಇವರಿಗೆ ಎಷ್ಟು ದಕ್ಷಿಣೆ ಕೊಡುತ್ತೀರೋ ನನಗೂ ಅಷ್ಟೇ ಕೊಡಿ. ಆಮೇಲೆ ಆ ಮೂವರೂ ಒಬ್ಬೊಬ್ಬರಾಗಿ ಅವನ ಹತ್ತಿರ ಬಂದು "ಆ ದೇವತೆ ಯಾವುದು, ತಿಳಿಸಿ" ಎಂದು ಕೇಳಿದರು. ಕೇಳಿದ ಮೇಲೆ ಹೇಳಿಕೊಟ್ಟ: ಪ್ರಾಣ, ಆದಿತ್ಯ, ಅನ್ನ.

ಅವನು ಯಾರನ್ನೂ ಎಬ್ಬಿಸಲಿಲ್ಲ. ಅವರಿಗಿಂತ ಒಂದು ಕಾಸು ಹೆಚ್ಚು ಕೇಳಲಿಲ್ಲ. ನಿಂತ ಹಾಡನ್ನು ಅದೇ ಬಾಯಿಗಳಿಂದ ಮತ್ತೆ ಹಾಡಿಸಿದ. ನೀವು ಕಥೆಯ ಮೊದಲರ್ಧ ಮಾಡಿದ್ದೀರಿ ತಾಯಿ. ಎರಡನೇ ಅರ್ಧ ಬಾಕಿ ಇದೆ. ನಿಮಗೆ ಬೇಕಾದ ಪ್ರಾಯಶ್ಚಿತ್ತ ಅದೇ.

ಮುಂದೆ ಕೂರುವುದೆಂದರೆ ಏನು

ದೊಡ್ಡ ಯಾಗಗಳಲ್ಲಿ ಋತ್ವಿಜರನ್ನು "ವರಣ" ಮಾಡುತ್ತಾರೆ. ಯಜಮಾನ ಕೇಳಿಕೊಂಡ ಮೇಲೆ ಆ ಸ್ಥಾನ ಬರುತ್ತದೆ. ಸೋಮಯಾಗದಲ್ಲಿ ಹದಿನಾರು ಜನ ಋತ್ವಿಜರು, ಅವರಲ್ಲಿ ನಾಲ್ವರು ಮುಖ್ಯರು. ಋಗ್ವೇದದ ಹೋತೃ, ಯಜುರ್ವೇದದ ಅಧ್ವರ್ಯು, ಸಾಮವೇದದ ಉದ್ಗಾತೃ, ನಾಲ್ಕನೆಯವನು ಬ್ರಹ್ಮ. ಈ ಬ್ರಹ್ಮ ದಕ್ಷಿಣ ದಿಕ್ಕಿನಲ್ಲಿ ಕೂತಿರುತ್ತಾನೆ. ಉಳಿದವರ ಕೆಲಸವೆಲ್ಲ ಅವನಿಗೆ ಗೊತ್ತಿರಬೇಕು. ಆದರೂ ಹೆಚ್ಚು ಹೊತ್ತು ಮೌನ. ಎಲ್ಲಾದರೂ ಲೋಪವಾದರೆ ತಪ್ಪಿದವರನ್ನು ಎಬ್ಬಿಸಿ ನಿಲ್ಲಿಸುವುದಿಲ್ಲ, ಪ್ರಾಯಶ್ಚಿತ್ತದ ಆಹುತಿಯಿಂದ ಅದನ್ನು ಸರಿಪಡಿಸುತ್ತಾನೆ. ಹೀಗೆ ತಿಳಿದ ಬ್ರಹ್ಮನು ಯಜ್ಞವನ್ನು, ಯಜಮಾನನನ್ನು, ಎಲ್ಲ ಋತ್ವಿಜರನ್ನೂ ಕಾಪಾಡುತ್ತಾನೆ ಎಂದು ಅದೇ ಛಾಂದೋಗ್ಯದ ನಾಲ್ಕನೇ ಅಧ್ಯಾಯ ಹೇಳುತ್ತದೆ.

ನಿಮ್ಮನ್ನು ದೊಡ್ಡಮ್ಮ ವರಣ ಮಾಡಿದ್ದಾರೆ. ಅವರು ಕೊಟ್ಟದ್ದು ಹೇಳಿಕೊಡುವ ಕೆಲಸ. ಮಂಡಳಿಯನ್ನು ಕೊಡಲಿಲ್ಲ, ಅದು ಅವರದ್ದೂ ಅಲ್ಲ. ಅಲ್ಲಿ ಯಜಮಾನರು ಸೇರುವ ಎಲ್ಲರೂ. ಸಂಕಲ್ಪ ಯಾರ ಹೆಸರಿನಲ್ಲಿ ಮಾಡಬೇಕು ಅಂತ ಹಲವರು ಈ ಅಂಕಣಕ್ಕೆ ಕೇಳುತ್ತಾರೆ. ಒಬ್ಬರೇ ಮನೆಯಲ್ಲಿ ಮಾಡುವಾಗ "ಮಮ", ಅಂದರೆ ನನ್ನ, ಎನ್ನುತ್ತೇವೆ. ಎಲ್ಲರೂ ಸೇರಿದಾಗ "ಅಸ್ಮಾಕಂ", ನಮ್ಮೆಲ್ಲರ, ಎನ್ನಬೇಕು. ಮುಂದೆ ಕೂತವರ ಧರ್ಮವೆಲ್ಲ ಈ ಒಂದು ಪದದಲ್ಲಿದೆ. ಅಸ್ಮಾಕಂ ಎಂದು ಸಂಕಲ್ಪ ಮಾಡಿ, ನನಗೆ ಬರುವ ಧಾಟಿಯಲ್ಲೇ ಹಾಡಿ ಅನ್ನುವುದು ಹೊಂದುವುದಿಲ್ಲ.

ತಪ್ಪು ಯಾವುದು, ಬೇರೆ ರೂಢಿ ಯಾವುದು

"ತಪ್ಪನ್ನು ತಪ್ಪು ಎನ್ನಬಾರದೇ" ಅಂತ ಕೇಳಿದ್ದೀರಿ. ಎನ್ನಬೇಕು. ಆದರೆ ಕಿವಿಗೆ ಬೇರೆಯಾಗಿ ಕೇಳಿಸಿದ್ದೆಲ್ಲ ತಪ್ಪಲ್ಲ. ಮೂರು ಬಗೆ ಮಾಡಿಕೊಳ್ಳಿ.

ಮೊದಲನೆಯದು ವೇದಮಂತ್ರ. ಪುರುಷಸೂಕ್ತ, ರುದ್ರ, ದುರ್ಗಾಸೂಕ್ತ ಇತ್ಯಾದಿ. ಇಲ್ಲಿ ಅಕ್ಷರ ಮಾತ್ರವಲ್ಲ, ಸ್ವರವೂ ಕೆಡಬಾರದು. ಗುರುಮುಖದಿಂದಲೇ ಕಲಿಯಬೇಕು. ಪಾಠಶಾಲೆಯಲ್ಲಿ ನಮಗೆ ಸಂತೆ ಹೇಳಿಸುತ್ತಿದ್ದರು, ಗುರುಗಳು ಒಂದು ಸಲ, ಶಿಷ್ಯರು ಎರಡು ಸಲ. ಮೊಬೈಲಿನಲ್ಲಿ ಕೇಳಿ ಕಲಿತ ಸೂಕ್ತವನ್ನು ಮಂಡಳಿಗೆ ಹೊಸದಾಗಿ ತರಬೇಡಿ. ನಿಮ್ಮಲ್ಲಿ ಅದು ಇಲ್ಲ ಎಂದು ಕಾಣುತ್ತದೆ, ಇಲ್ಲದಿರುವುದರಿಂದ ಕೊರತೆಯೇನಿಲ್ಲ.

ಎರಡನೆಯದು ಸ್ತೋತ್ರ ಮತ್ತು ಸಹಸ್ರನಾಮ. ಇಲ್ಲಿ ವೇದದ ಸ್ವರವಿಲ್ಲ, ಅಕ್ಷರಶುದ್ಧಿ ಬೇಕು. ಸಕಲ ಎಂದರೆ ಎಲ್ಲ, ಶಕಲ ಎಂದರೆ ಚೂರು. ಸ್ವಜನ ಎಂದರೆ ನಮ್ಮವರು, ಶ್ವಜನ ಎಂದರೆ ನಾಯಿ. ಇಂಥದ್ದನ್ನು ತಿದ್ದಬೇಕು, ನಿಜ. ಆದರೆ ಹತ್ತು ಜನರ ಮುಂದೆ ಹಿರಿಯರ ಶಕಾರ ತಿದ್ದಲು ಹೋಗಿ ಸ್ವಜನರನ್ನೇ ಕಳೆದುಕೊಂಡರೆ ಏನು ಉಳಿಯಿತು? ಇನ್ನೊಂದು ವಿಷಯ, ಪಾಠಭೇದ. ಬೇರೆ ಬೇರೆ ಮುದ್ರಣಗಳಲ್ಲಿ ಒಂದೆರಡು ಅಕ್ಷರ ಬೇರೆ ಇರುತ್ತದೆ. ವಿಷ್ಣು ಸಹಸ್ರನಾಮವನ್ನೇ ತೆಗೆದುಕೊಳ್ಳಿ, ಶಂಕರಭಾಷ್ಯದಲ್ಲಿ ಒಂದೇ ನಾಮವಾಗಿ ಎಣಿಸಿದ್ದನ್ನು ಪರಾಶರ ಭಟ್ಟರ ಭಾಷ್ಯದಲ್ಲಿ ಬೇರೆ ರೀತಿ ಒಡೆದಿರುವುದುಂಟು. ಇಬ್ಬರೂ ಮಹಾಚಾರ್ಯರು. ಯಾರನ್ನು ತಪ್ಪು ಎನ್ನೋಣ? ಆದ್ದರಿಂದ ದೊಡ್ಡಮ್ಮನವರ ಹಳೆಯ ಪುಸ್ತಕ ಕೇಳಿ ಪಡೆದು ನಿಮ್ಮ ಪುಸ್ತಕದ ಪಕ್ಕದಲ್ಲಿಟ್ಟು ನೋಡಿ. ಅವರ ಪುಸ್ತಕದಲ್ಲಿ ಹಾಗೇ ಇದ್ದು ಅರ್ಥ ಕೂಡುತ್ತಿದ್ದರೆ ಅಲ್ಲಿಯ ಪಾಠವೇ ಇರಲಿ, ನೀವು ಅದಕ್ಕೆ ಹೊಂದಿಕೊಳ್ಳಿ.

ಮೂರನೆಯದು ದೇವರನಾಮ. ಇಲ್ಲಿ ಜಗಳ ಬರುವುದು ಹೆಚ್ಚಾಗಿ ಧಾಟಿಗೆ. ಒಂದು ಮಾತು ತಿಳಿದಿರಲಿ. ಪುರಂದರದಾಸರು 15, 16ನೇ ಶತಮಾನದವರು. ಅವರ ಪದಗಳು ನಮಗೆ ಉಳಿದು ಬಂದಿವೆ, ಆದರೆ ಹೆಚ್ಚಿನ ಪದಗಳಿಗೆ ಅವರು ಹಾಡಿದ ಮೂಲ ಧಾಟಿ ಉಳಿದಿಲ್ಲ. ಇಂದು ಕೇಳುವ ರಾಗಗಳು ಬಹುಪಾಲು ನಂತರದವರು ಕೂರಿಸಿದ್ದು. ಒಂದೇ ಪದವನ್ನು ಒಂದು ಊರಿನಲ್ಲಿ ಒಂದು ರಾಗದಲ್ಲಿ, ಇನ್ನೊಂದು ಊರಿನಲ್ಲಿ ಬೇರೆ ರಾಗದಲ್ಲಿ ಹಾಡುತ್ತಾರೆ. ಹಾಗಿರುವಾಗ ನಮ್ಮೂರಿನದೇ ಸರಿ ಅನ್ನುವುದಕ್ಕೆ ಆಧಾರವಿಲ್ಲ. ಈ ಬಗೆಯಲ್ಲಿ ಬದಲಾವಣೆ ತರುವ ಅಗತ್ಯವೇ ಇಲ್ಲ.

ದೇವರನಾಮದಲ್ಲಿ ಕಾಪಾಡಬೇಕಾದ್ದು ಅಂಕಿತ. ಪುರಂದರವಿಠಲ, ಕಾಗಿನೆಲೆಯಾದಿಕೇಶವ, ಹಯವದನ, ವಿಜಯವಿಠಲ ಎಂದು ದಾಸರು ಪದದ ಕೊನೆಯಲ್ಲಿ ತಮ್ಮ ಸ್ವಾಮಿಯ ಹೆಸರಿಟ್ಟು ಮುಗಿಸುತ್ತಾರೆ. ಮಂಗಳಾರತಿಗೆ ಹೊತ್ತಾಯಿತು ಅಂತ ಎಷ್ಟೋ ಕಡೆ ಕೊನೆಯ ಚರಣ ಬಿಟ್ಟುಬಿಡುತ್ತಾರೆ. ಸಮಯ ಕಡಿಮೆ ಇದ್ದರೆ ನಡುವಿನ ಚರಣ ಬಿಡಿ, ಅಂಕಿತದ ಚರಣ ಬಿಡಬೇಡಿ.

ಊರಿಗೊಂದು ಆಚಾರ, ಶಾಸ್ತ್ರವೂ ಒಪ್ಪಿದ್ದೇ

ಗಣಪತಿ ಮೊದಲೋ ಗುರು ಮೊದಲೋ, ಮಂಗಳ ಹಾಡಿ ಆರತಿಯೋ ಆರತಿ ಎತ್ತುತ್ತಾ ಮಂಗಳವೋ, ಇಂಥವು ಮಂಡಳಿಯಿಂದ ಮಂಡಳಿಗೆ ಬೇರೆ. ಆಶ್ವಲಾಯನ ಗೃಹ್ಯಸೂತ್ರವು ವಿವಾಹದ ಪ್ರಕರಣ ಶುರುಮಾಡುವಾಗಲೇ, ಜನಪದದ ಧರ್ಮಗಳೂ ಗ್ರಾಮದ ಧರ್ಮಗಳೂ ನಾನಾ ಬಗೆ, ಮದುವೆಯಲ್ಲಿ ಅವನ್ನು ಅನುಸರಿಸಬೇಕು ಎನ್ನುತ್ತದೆ. ಆಪಸ್ತಂಬ ಗೃಹ್ಯಸೂತ್ರವಂತೂ ಅಂಥ ಆಚಾರಗಳನ್ನು ಮನೆಯ ಹೆಂಗಸರಿಂದ ತಿಳಿದುಕೊಳ್ಳಿ ಎಂದೇ ಹೇಳುತ್ತದೆ. ಮಂತ್ರ ಬಲ್ಲ ಪುರೋಹಿತನೇ ಹೋಗಿ ಮನೆಯ ಹಿರಿಯಜ್ಜಿಯನ್ನು "ನಿಮ್ಮಲ್ಲಿ ಹೇಗಮ್ಮ ಪದ್ಧತಿ" ಅಂತ ಕೇಳಬೇಕು ಅಂದಮೇಲೆ, ಮಂಡಳಿಗೆ ಹೊಸದಾಗಿ ಬಂದವರು ಕೇಳುವುದರಲ್ಲಿ ಸಣ್ಣತನ ಏನಿದೆ?

ಈಗ ಮಾಡಬೇಕಾದ್ದು

ಒಂದು. ಬರದೆ ನಿಂತ ಇಬ್ಬರ ಮನೆಗೂ ನೀವೇ ಹೋಗಿ. ಅರಿಶಿನ ಕುಂಕುಮ, ಹೂವು, ತಾಂಬೂಲ ತೆಗೆದುಕೊಂಡು ಹೋಗಿ. ಮಂಡಳಿಯ ವಾಟ್ಸ್ಯಾಪ್ ಗುಂಪಿನಲ್ಲಿ "ಎಲ್ಲರೂ ಬನ್ನಿ" ಅಂತ ಹಾಕಿದರೆ ಸಾಲದು. ತಪ್ಪು ಯಾರದು ಅನ್ನುವ ವಾದಕ್ಕೆ ಹೋಗಬೇಡಿ. "ನಿಮ್ಮ ಧಾಟಿ ನನಗೆ ಬರುವುದಿಲ್ಲ, ಹೇಳಿಕೊಡಿ" ಎನ್ನಿ. ಬರೀ ಉಪಚಾರಕ್ಕೆ ಅನ್ನಬೇಡಿ, ಅಲ್ಲೇ ಕೂತು ಎರಡು ಸಲ ಹಾಡಿ ಕಲಿತು ಬನ್ನಿ. ಮುಂದಿನ ಶುಕ್ರವಾರ ಅದೇ ಧಾಟಿಯಲ್ಲಿ ಶುರುಮಾಡಿ.

ಎರಡು. ದೊಡ್ಡಮ್ಮನವರನ್ನು ಗೋಡೆಯ ಹತ್ತಿರದಿಂದ ನಿಮ್ಮ ಪಕ್ಕಕ್ಕೆ ಕರೆದು ಕೂರಿಸಿ. ಅವರಿಗೆ ಕಣ್ಣು ಮಂದವಾಗಿದೆ, ಕಂಠ ಹೋಗಿಲ್ಲ. ಇಷ್ಟು ವರ್ಷ ಹೇಳಿಕೊಟ್ಟವರಿಗೆ ಧ್ಯಾನಶ್ಲೋಕ ಬಾಯಿಪಾಠ ಇದ್ದೇ ಇರುತ್ತದೆ. ಧ್ಯಾನ ಅವರೇ ಹೇಳಲಿ, ಕೊನೆಯ ಮಂಗಳ ಅವರೇ ಎತ್ತಿಕೊಳ್ಳಲಿ, ಪುಸ್ತಕ ನೋಡಿ ಹೇಳಬೇಕಾದ ನಡುವಿನ ಭಾಗ ನಿಮ್ಮದು. ಒಂದು ಸ್ಥಾನ ಬಿಟ್ಟುಕೊಡುವುದು ವಯಸ್ಸಾದವರಿಗೆ ಎಷ್ಟು ಕಷ್ಟ ಅಂತ ಊರು ಬಿಟ್ಟು ಬಂದ ನಿಮಗೆ ಗೊತ್ತಿದೆ. ನೀವು 18 ವರ್ಷ ಕೂತ ಜಾಗದಲ್ಲಿ ಇವತ್ತು ಇನ್ಯಾರೋ ಕೂತಿದ್ದಾರೆ. ಅವರು ನಿಮ್ಮ ಪದ್ಧತಿಯನ್ನು ಹೇಗೆ ನಡೆಸಬೇಕು ಅಂತ ನಿಮಗೆ ಆಸೆಯಿದೆಯೋ ಹಾಗೆ ನೀವು ಇಲ್ಲಿ ನಡೆಸಿ.

ಮೂರು. ಒಂದು ಮಂಡಲ, ಅಂದರೆ 48 ದಿನ, ಏನನ್ನೂ ಬದಲಾಯಿಸಬೇಡಿ. ವಾರಕ್ಕೊಮ್ಮೆ ಸೇರುವ ನಿಮಗೆ ಅದು ಏಳು ಶುಕ್ರವಾರ. ಹೀಗೆಂದು ಶಾಸ್ತ್ರದಲ್ಲಿ ಇಲ್ಲ, ಇದು ನನ್ನ ಸಲಹೆ. ಏಳು ವಾರ ಅವರ ಕ್ರಮದಲ್ಲೇ ಹಾಡಿದರೆ ಅದರ ರುಚಿ ನಿಮಗೆ ಹತ್ತುತ್ತದೆ. ತಿದ್ದಲೇಬೇಕು ಅಂದುಕೊಂಡಿದ್ದರಲ್ಲಿ ಅರ್ಧ ಆಮೇಲೆ ತಪ್ಪೆಂದು ಕಾಣುವುದಿಲ್ಲ.

ನಾಲ್ಕು. ಉಳಿದ ಅರ್ಧ, ಅಂದರೆ ನಿಜವಾದ ಅಕ್ಷರದೋಷ. ಅದನ್ನು ಮೊದಲು ದೊಡ್ಡಮ್ಮನವರ ಹತ್ತಿರ ಒಬ್ಬರೇ ಇದ್ದಾಗ, ಪುಸ್ತಕ ಇಟ್ಟುಕೊಂಡು ಕೇಳಿ. "ಇದು ಹೀಗಿರಬೇಕೇ?" ಅಂತ ಪ್ರಶ್ನೆಯಾಗಿಯೇ ಕೇಳಿ. ಅವರು ಒಪ್ಪಿದರೆ ಮಂಡಳಿಗೆ ಅವರೇ ಹೇಳಲಿ. ಆಮೇಲೆ ತಿಂಗಳಿಗೆ ಒಂದು ದಿನ ಪಾರಾಯಣಕ್ಕೆ ಮೊದಲು ಹತ್ತು ಶ್ಲೋಕ ಮಾತ್ರ ಸಂತೆ ಹೇಳಿಸಿ. ನೀವು ನಿಧಾನವಾಗಿ ಒಂದು ಸಲ, ಎಲ್ಲರೂ ಸೇರಿ ಎರಡು ಸಲ. ಯಾರದು ತಪ್ಪು ಅಂತ ಬೆರಳು ತೋರಿಸುವ ಪ್ರಶ್ನೆಯೇ ಬರುವುದಿಲ್ಲ. ಪಾರಾಯಣ ಶುರುವಾದ ಮೇಲಂತೂ ನಡುವೆ ನಿಲ್ಲಿಸಿ ತಿದ್ದಬೇಡಿ. ಅಕ್ಷರ, ಪದ, ಮಾತ್ರೆ ತಪ್ಪಿದ್ದರೆ ಕ್ಷಮಿಸು ಎಂದು ಕೊನೆಯಲ್ಲಿ ನಾವು ಹೇಳುವ ಕ್ಷಮಾಪಣೆಯ ಶ್ಲೋಕ ಇರುವುದೇ ಅದಕ್ಕೆ. ದೇವಿ ಕ್ಷಮಿಸುವುದನ್ನು ನಾವು ಕ್ಷಮಿಸದೆ ಕೂರುವುದು ಸರಿಯಲ್ಲ.

ಐದು. ಶ್ರುತಿ. ನಿಮ್ಮ ಕಂಠ ಗಟ್ಟಿ ಇರಬಹುದು, ಎತ್ತರದ ಶ್ರುತಿಗೆ ಏರಬಹುದು. ಎಪ್ಪತ್ತು ದಾಟಿದವರು ಅಷ್ಟಕ್ಕೆ ಏರಲಾರರು. ಏರದಿದ್ದಾಗ ಸುಮ್ಮನಾಗುತ್ತಾರೆ, ಹೊರಗಿನವರಿಗೆ ಅದು ಮುನಿಸಿನ ಹಾಗೆ ಕಾಣುತ್ತದೆ. ಅಲ್ಲಿರುವ ಅತಿ ಮೆಲ್ಲನೆಯ ದನಿಗೆ ಎಟುಕುವಷ್ಟು ಶ್ರುತಿ ಇಳಿಸಿ, ಅವರ ಉಸಿರಿಗೆ ಸಾಲುವಷ್ಟು ವೇಗ ಇಡಿ. ಮೈಕು ನಿಮ್ಮೊಬ್ಬರ ಬಾಯಿಯ ಹತ್ತಿರವೇ ಇರುವುದು ಬೇಡ. ಚಿಕ್ಕ ಗುಡಿಯಲ್ಲಿ ಮೈಕೇ ಬೇಕಿಲ್ಲ. ಮುಂದೆ ಕೂತವರ ದನಿ ಒಂದೇ ಕೇಳಿಸಿದರೆ ಅದು ಕಚೇರಿ, ಎಲ್ಲರ ದನಿ ಕೇಳಿಸಿದರೆ ಭಜನೆ.

ವಿನಯ ಎಂದರೆ ಹಿಂಜರಿಕೆಯಲ್ಲ

ಇಷ್ಟು ಓದಿ ನೀವು "ಹಾಗಾದರೆ ನನಗೆ ಈ ಕೆಲಸವೇ ಬೇಡ" ಅಂತ ಹಿಂದೆ ಸರಿಯಬಹುದು. ಅದೂ ಸರಿಯಲ್ಲ. ಕಣ್ಣು ಕಾಣದ ಹಿರಿಯರು ನಂಬಿ ಒಪ್ಪಿಸಿದ್ದನ್ನು ಬಿಟ್ಟುಹೋದರೆ ಪಾರಾಯಣವೇ ನಿಂತೀತು. ಉಷಸ್ತಿಯೂ ರಾಜ ಕೇಳಿದಾಗ ಒಲ್ಲೆ ಎನ್ನಲಿಲ್ಲ.

"ನನಗೇನೂ ಬರೋಲ್ಲ, ನೀವೇ ಹೇಳಿ, ನೀವೇ ಹೇಳಿ" ಅಂತ ವಾರವಾರ ಹತ್ತು ನಿಮಿಷ ಎಳೆದಾಡುವುದನ್ನು ಕೆಲವರು ವಿನಯ ಅಂದುಕೊಂಡಿದ್ದಾರೆ. ದೀಪ ಹಚ್ಚಿ ಕೂತ ಹತ್ತು ಜನರನ್ನು ಕಾಯಿಸುವುದು ವಿನಯವಲ್ಲ. ಮುಂದೆ ಕೂತ ಮೇಲೆ ಆರು ಅಂದರೆ ಆರಕ್ಕೆ ಶುರುಮಾಡಿ. ಮೊದಲ ಪದವನ್ನು ಗಟ್ಟಿಯಾಗಿ ಎತ್ತಿಕೊಡಿ, ಅನುಮಾನದ ದನಿಯಲ್ಲಿ ಎತ್ತಿದರೆ ಹಿಂದಿನವರೆಲ್ಲ ತಡವರಿಸುತ್ತಾರೆ. ಹಿಂದಿನ ದಿನವೇ ಮನೆಯಲ್ಲಿ ಒಮ್ಮೆ ಓದಿಕೊಂಡು ಬನ್ನಿ. ಎಲ್ಲರೂ ಹಿಡಿದುಕೊಂಡರು ಅಂತ ಗೊತ್ತಾದ ಕೂಡಲೇ ನಿಮ್ಮ ದನಿಯನ್ನು ಅವರ ದನಿಯೊಳಗೆ ಇಳಿಸಿಬಿಡಿ.

ನಿಮ್ಮ ಊರಿನ ಹಾಡುಗಳು ಕಳೆದುಹೋದವು ಅಂತ ಬೇಸರ ಬೇಡ. ಏಳು ಶುಕ್ರವಾರ ಕಳೆಯಲಿ. ಯಾರಾದರೂ ಒಬ್ಬರು "ನಿಮ್ಮೂರಿನ ಕಡೆಯದು ಒಂದು ಹಾಡಿ" ಅಂತ ಕೇಳಿಯೇ ಕೇಳುತ್ತಾರೆ. ಆಗ ಅವರಿಗೆ ಬರುವ ಹಾಡನ್ನು ಬೇರೆ ಧಾಟಿಯಲ್ಲಿ ಹಾಡಬೇಡಿ, ಅವರಿಗೆ ಬಾರದ ಹೊಸ ಹಾಡು ಒಂದನ್ನು ಹೇಳಿಕೊಡಿ. ಕೇಳಿ ಕಲಿತದ್ದು ಅವರ ಬಾಯಲ್ಲಿ ನಿಲ್ಲುತ್ತದೆ, ಅದು ಆ ಮಂಡಳಿಯದೇ ಆಗುತ್ತದೆ.

ಶ್ರೀ ಲಲಿತಾಂಬಿಕೆ ನಿಮ್ಮೆಲ್ಲರ ಕಂಠದಲ್ಲಿ ನೆಲೆಸಲಿ. ಶುಭಮಸ್ತು.